ಫೋಟೊದಲ್ಲಿ ಮಸುಕಾದ ಮನೆ

“ಎಲ್ಲೈತವ್ವಾ ನಮ್ಮನಿ?” ನನ್ನ ಕ್ಯಾಮೆರಾದ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಅಜ್ಜಿ ಕೇಳಿದರು.

ಬೇಸಿಗೆಯಲ್ಲಿ ತುಂಗಭದ್ರೆಯ ಹಿನ್ನೀರು ಇಳಿದರೆ ಹಂಪಸಾಗರದ ಬಳಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಮನೆಗಳ ಅಡಿಪಾಯದ ಕಲ್ಲುಗಳು ಕಾಣುತ್ತವೆ. ಅಲ್ಲಿ ಹಕ್ಕಿಗಳ ಫೋಟೊ ತೆಗೆಯುತ್ತಿದ್ದ ನನ್ನನ್ನು ಕುರಿ ಮೇಯಿಸುತ್ತಿದ್ದ ಅಜ್ಜಿ ಕರೆದು, ತಾವು ಹುಟ್ಟಿದ ಮನೆಯ ಕಲ್ಲುಗಳ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಂಡಿದ್ದರು. ನಾನು ಹವ್ಯಾಸಿಯಾದರೂ ಗೊತ್ತಿದ್ದ ಕೈಚಳಕವನ್ನೆಲ್ಲ ತೋರಿಸಿದ್ದೆ. ಮುಖದ ಒಂದೊಂದು ಸುಕ್ಕೂ ಎಣಿಸುವಷ್ಟು ಸ್ಪಷ್ಟ, ಹಿಂದಿನದೆಲ್ಲ ಮಂಜಿನಂತೆ ಮಸುಕು.

“ಹಿಂದಿಂದು ಮಸುಕು ಮಾಡಿದ್ರ ಮುಖ ಎದ್ದು ಕಾಣತೈತಿ, ಅಜ್ಜಿ” ಎಂದೆ.

“ಮುಖ ದಿನಾ ಇರತೈತಿ. ಮನಿ ಮತ್ತ ನೀರಾಗ ಹೋಗತೈತಿ. ಅದು ಕಾಣಂಗ ತಗಿಯವ್ವಾ.”

ಕಲ್ಲುಗಳೂ ಸ್ಪಷ್ಟವಾಗಿ ಬರುವಂತೆ ಕ್ಯಾಮೆರಾ ಹೊಂದಿಸಿಕೊಂಡು ನಾನು ಹಿಂದೆ ಸರಿದು ನಿಂತೆ. ಅಷ್ಟರಲ್ಲಿ ಅಜ್ಜಿ ಕಲ್ಲುಸಾಲಿನ ಕಡೆ ನಡೆದಿದ್ದರು. ಗೋಡೆಯಿಲ್ಲ, ಸೂರಿಲ್ಲ, ಸುತ್ತಲೂ ಬಿರುಕುಬಿಟ್ಟ ಒಣ ಕೆಸರು. ಆದರೂ ಬಾಗಿಲಿದ್ದ ಜಾಗಕ್ಕೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ ಒಳಗೆ ಹೋಗಿ ನಿಂತರು. ನಾನು ಕ್ಲಿಕ್ಕಿಸಿದೆ.

ಈಗ ಅಲ್ಲಿ ನೀರು ತುಂಬಿದೆ. ಎರಡೂ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಒಯ್ದಾಗ ಅಜ್ಜಿ ಎರಡನೆಯದನ್ನು ಮಾತ್ರ ಇಟ್ಟುಕೊಂಡರು. ಅದರ ಇನ್ನೊಂದು ಪ್ರತಿ ನನ್ನ ಗೋಡೆಯ ಮೇಲಿದೆ. ಅದರಲ್ಲಿ ಅಜ್ಜಿ ಬೆರಳುದ್ದ ಕಾಣುತ್ತಾರೆ. ನೋಡಿದವರ ಕಣ್ಣು ಮಾತ್ರ ಮೊದಲು ಹೋಗುವುದು, ಇಲ್ಲದ ಬಾಗಿಲಿನ ಹೊರಗೆ ಬಿಟ್ಟ ಆ ಚಪ್ಪಲಿಗಳ ಮೇಲೆ.