ಜರ್ಮನ್ ಕಲಿತ ಫಿಟ್ಟರ್

ತಾಂಡ್ಯದ ಕಾರ್ಖಾನೆಯ ಸ್ಟೋರ್ಸಿನಲ್ಲಿ ನಾನಿದ್ದಾಗ, ಹೆಡತಲೆ ಹಳ್ಳಿಯಿಂದ ಬರುತ್ತಿದ್ದ ಫಿಟ್ಟರ್ ಒಬ್ಬರು ಊಟದ ಬಿಡುವಿನಲ್ಲಿ ಜರ್ಮನ್ ಕಲಿಯುತ್ತಿದ್ದರು. ನಮ್ಮ ಕಾರ್ಖಾನೆಯ ದೊಡ್ಡ ಯಂತ್ರ ತಯಾರಾದ ಜರ್ಮನಿಯ ಊರಿಗೇ ಅವರನ್ನು ತರಬೇತಿಗೆ ಕಳಿಸುವ ಮಾತಿತ್ತು.

“ಮಾಡಿದೀನಿ ಅನ್ನೋಕೆ ‘ಹಾಬೆ ಗೆಮಾಖ್ಟ್’ ಕಣಮ್ಮ. ಬಂದಿದೀನಿ ಅನ್ನೋಕೆ ‘ಹಾಬೆ’ ಆಗಲ್ಲ, ‘ಬಿನ್ ಗೆಕೊಮೆನ್’ ಅನ್ಬೇಕು,” ಎಂದು ನನಗೆ ಹೇಳುತ್ತ ಗ್ರೀಸಿನ ಬೆರಳಲ್ಲಿ ಮೇಜಿನ ಮೇಲೆ ಬರೆಯುತ್ತಿದ್ದರು.

ಕೊನೆಗೆ ಬೇರೆಯವರನ್ನು ಕಳಿಸಿದರು. ಇವರು ಪುಸ್ತಕ ಬಿಡಲಿಲ್ಲ.

ಮರುವರ್ಷ ಯಂತ್ರ ನೋಡಲು ಬಂದ ಜರ್ಮನ್ ಇಂಜಿನಿಯರ್ ಇವರ ಮಾತಿಗೆ ಬೆರಗಾಗಿ, ನಮ್ಮೂರಿಗೆ ಯಾವಾಗ ಬಂದಿದ್ದಿರಿ ಎಂದ. ಇವರು ‘ಬಿನ್’ ಹಾಕಿಯೇ, ಯಾವತ್ತೂ ಬಂದಿಲ್ಲವೆಂದರು. ಅಲ್ಲಿ ಹೊಳೆ ಇದೆಯೇ ಎಂದು ಕೇಳಿದರು. ಅವನು ಚೀಟಿಯಲ್ಲಿ ಹೊಳೆ, ಸೇತುವೆ ಗೀಚಿ ಕೊಟ್ಟ.

ಎಲ್ಲರೂ ಹೋದ ಮೇಲೂ ಇವರು ಚೀಟಿ ಹಿಡಿದು ನಿಂತೇ ಇದ್ದರು.

“ಅಲ್ಲಿನ ಹೊಳೆ ನಮ್ಮ ಕಪಿಲೆಗಿಂತ ಅಗಲ ಅಂತೆ ಕಣಮ್ಮ,” ಎಂದರು.