ಪಾಚಿ ಬಣ್ಣದ ಸೀರೆ

ನನಗೆ ಕೆಂಪಿಗೂ ಹಸಿರಿಗೂ ಇರುವ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಈ ಒಂದು ಮಾತು ಹೊರಗಿನವರ ಮುಂದೆ ಬಾಯಿಬಿಟ್ಟು ಹೇಳಲು ನಲವತ್ತೊಂದು ವರ್ಷ ಬೇಕಾಯಿತು. ಅಷ್ಟು ಕಾಲ ಮುಚ್ಚಿಟ್ಟುಕೊಂಡು ಓಡಾಡಿದ ಆಯಾಸ ಈಗಲೂ ಮೈಯಲ್ಲಿದೆ.

ನಾನು ಹುಟ್ಟಿದ್ದು ಮೊಳಕಾಲ್ಮೂರಿನಲ್ಲಿ. ಅಪ್ಪ ಬೇರೆಯವರ ಮನೆಯ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದರು. ಅವ್ವ ಮನೆಯಲ್ಲಿ ರಾಟೆ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ನಾನು ಆರೇಳು ವರ್ಷದವನಿದ್ದಾಗ ಒಂದು ದಿನ, ಒಳಗಿನಿಂದ ಕೆಂಪು ನೂಲಿನ ಲಡಿ ತಾ ಅಂದಳು. ನಾನು ತಂದದ್ದನ್ನು ನೋಡಿ ತುಂಟಾಟ ಅಂದುಕೊಂಡು ವಾಪಸ್ಸು ಕಳಿಸಿದಳು. ಎರಡನೇ ಸಲವೂ ತಪ್ಪು ಲಡಿಯನ್ನೇ ತಂದೆ. ಮೂರನೇ ಸಲ ಅವಳೇ ಎದ್ದು ಹೋದಳು. ಆಮೇಲೆ ಯಾವತ್ತೂ ನೂಲು ತರಲು ನನಗೆ ಹೇಳಲಿಲ್ಲ. ಯಾಕೆ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳು ತೀರಿಕೊಂಡು ಒಂಬತ್ತು ವರ್ಷವಾಯಿತು.

ಚಿತ್ರ ಬರೆಯುವ ಹುಚ್ಚು ಮಾತ್ರ ಚಿಕ್ಕಂದಿನಿಂದ ಇತ್ತು. ಏಳನೇ ಕ್ಲಾಸಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಶಾಲೆಯ ಮುಂದಿನ ಬೇವಿನಮರ ಬರೆಯಲು ಹೇಳಿದರು. ಒಂದೊಂದು ಗಂಟನ್ನೂ ನೋಡಿ ನೋಡಿ ಬರೆದೆ. ಆಮೇಲೆ ಕಾಂಡಕ್ಕೆ ಹಸಿರು, ಎಲೆಗೆ ಕಂದು ಹಚ್ಚಿದೆ. ಮೇಷ್ಟ್ರು ಹಾಳೆ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಅವರು ಬೈಯಲಿಲ್ಲ, ಗೆರೆಗಳನ್ನು ಹೊಗಳಿದರು ಕೂಡ. ಆದರೆ ನನಗೆ ಕೇಳಿಸಿದ್ದು ಹುಡುಗರ ನಗು ಮಾತ್ರ. ಮನೆಗೆ ಬಂದು ಅಕ್ಕನಿಗೆ ಮಾತ್ರ ಹೇಳಿದೆ. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ಬಣ್ಣದ ಕಡ್ಡಿಗಳ ಮೇಲೆ ಸುತ್ತಿದ್ದ ಕಾಗದದಲ್ಲಿ ಬಾಲ್‌ಪೆನ್ನಿನಿಂದ ಒಂದೊಂದರ ಹೆಸರು ಬರೆದುಕೊಟ್ಟು, "ಯಾರಿಗೂ ಹೇಳಬ್ಯಾಡ, ಆಡ್ಕೊಂತಾರೆ" ಅಂದಳು. ಅವಳು ಹೇಳಿದ ಬೇರೆ ಯಾವ ಮಾತನ್ನೂ ನಾನು ಅಷ್ಟು ಚೆನ್ನಾಗಿ ಪಾಲಿಸಿಲ್ಲ.

ಅಕ್ಕನನ್ನು ಚಳ್ಳಕೆರೆಗೆ ಕೊಟ್ಟರು. ನಾನು ಡಿಗ್ರಿಗೆಂದು ಅವಳ ಮನೆಗೆ ಬಂದವನು ಆ ಊರಲ್ಲೇ ಉಳಿದೆ. ಕಾಲೇಜು ಮುಗಿಸಿಕೊಂಡು ಒಂದು ಕಂಪ್ಯೂಟರ್ ಸೆಂಟರಿಗೆ ಹೋಗಿ ವೆಬ್‌ಸೈಟ್ ಮಾಡುವುದು ಕಲಿತೆ. ಅಲ್ಲಿ ಪ್ರತಿ ಬಣ್ಣಕ್ಕೂ ಒಂದು ಸಂಖ್ಯೆ ಇದೆ ಎಂದು ತಿಳಿದ ದಿನದ ಸಂತೋಷ ಇನ್ನೂ ನೆನಪಿದೆ. ಸಂಖ್ಯೆ ಬರೆದರೆ ಸಾಕು, ಪರದೆಯ ಮೇಲೆ ಆ ಬಣ್ಣ ಬರುತ್ತದೆ. ನನ್ನ ಕಣ್ಣನ್ನು ಕೇಳಬೇಕಾಗಿಯೇ ಇಲ್ಲ. ನೂರಾರು ಸಂಖ್ಯೆ ಬಾಯಿಪಾಠ ಮಾಡಿದೆ. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಶಾಲೆಗಳು, ಲಾಡ್ಜುಗಳು, ಎಣ್ಣೆ ಗಾಣದವರು, ಬೀಜ ಗೊಬ್ಬರದ ಅಂಗಡಿಯವರು. ಎಲ್ಲರಿಗೂ ತಮ್ಮ ಫೋಟೋ ಸ್ವಲ್ಪ ದೊಡ್ಡದಾಗಿ ಬೇಕು. ಸಂಜೆ ಹೊತ್ತಿಗೆ ಕತ್ತು ಹಿಡಿದುಕೊಂಡು, ಕಣ್ಣಲ್ಲಿ ಮರಳು ಬಿದ್ದಂತಾಗುತ್ತದೆ. ಭಾನುವಾರ ಮಾತ್ರ ಪೆನ್ಸಿಲ್ ಹಿಡಿದು ಏನಾದರೂ ಬರೆಯುತ್ತೇನೆ. ಅದರಲ್ಲಿ ಬಣ್ಣದ ತಂಟೆ ಇಲ್ಲ.

ಹೋದ ವರ್ಷ ಮೊಳಕಾಲ್ಮೂರಿನ ಒಬ್ಬ ಸೀರೆ ಯಜಮಾನರು ಫೋನ್ ಮಾಡಿ, ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಡಿ ಅಂದರು. ಊರಿನ ಕೆಲಸ ಅಂತ ಒಪ್ಪಿಕೊಂಡೆ. ಬಸ್ಸಲ್ಲಿ ಹೋಗಿ, ಟ್ಯೂಬ್‌ಲೈಟಿನ ಕೆಳಗೆ ಒಂದೊಂದೇ ಸೀರೆ ಹರಡಿಸಿ ಫೋಟೋ ತೆಗೆದೆ. ಫೋಟೋಗಳು ಮಂಕಾಗಿದ್ದವು. ಮನೆಯಲ್ಲಿ ಕೂತು ತಿದ್ದಿದೆ. ಅಕ್ಕನಿಗೆ ತೋರಿಸಬಹುದಿತ್ತು. ಆಗ ಅವಳಿಗೆ ಮಂಡಿನೋವು, ಓಡಾಟ ಕಷ್ಟ. ಅದಕ್ಕಿಂತ ಹೆಚ್ಚಾಗಿ, ಈ ವಯಸ್ಸಿನಲ್ಲೂ ಬಣ್ಣ ಕೇಳಿಕೊಂಡು ಅವಳ ಬಾಗಿಲಿಗೆ ಹೋಗುವುದು ನನಗೇ ಸಾಕಾಗಿತ್ತು. ಫೋಟೋದಲ್ಲಿ ಒಂದೊಂದು ಚುಕ್ಕೆಗೂ ಒಂದೊಂದು ಸಂಖ್ಯೆ, ಯಾವುದನ್ನು ನಂಬುವುದು? ಅಂದಾಜಿನ ಮೇಲೆ ಮುಗಿಸಿಬಿಟ್ಟೆ.

ಅವುಗಳಲ್ಲಿ ಒಂದು ಪಾಚಿ ಬಣ್ಣದ ಸೀರೆ. ನನ್ನ ಕೈಯಲ್ಲಿ ಅದು ಕಾಫಿಪುಡಿ ಬಣ್ಣವಾಗಿ ಹೋಗಿದೆ, ನನಗೆ ಗೊತ್ತಾಗಿಲ್ಲ. ಆ ಸೀರೆ ಅಂಗಡಿಯಲ್ಲೇ ಯಾರಿಗೋ ಮಾರಿಹೋಯಿತು. ವೆಬ್‌ಸೈಟ್ ನೋಡಿದ ಒಬ್ಬ ತಾಯಿ ಮಗಳ ನಿಶ್ಚಿತಾರ್ಥಕ್ಕೆ ಅದೇ ಬೇಕು ಅಂತ ಹೇಳಿ ನೇಯಿಸಿದರು. ಅಂಗಡಿಯ ನೂಲಿಗೆ ಬಣ್ಣ ಹಾಕುವ ಹಿರಿಯರೊಬ್ಬರು ಎಂದಿನ ಹಾಗೆ ಪಾಚಿ ಬಣ್ಣವನ್ನೇ ಹಾಕಿದರು. ಸೀರೆ ಕೈಗೆ ಬಂದಾಗ ಆ ತಾಯಿ ಫೋನಿನಲ್ಲಿ ಅತ್ತುಬಿಟ್ಟರಂತೆ. ಹೋಲಿಸಿ ನೋಡಲು ಹಳೇ ಸೀರೆ ಇರಲಿಲ್ಲ, ಯಜಮಾನರು ನನ್ನನ್ನು ಕೇಳಿದರು, ನಿಮ್ಮ ಫೋಟೋ ಸರಿ ಐತಾ ಅಂತ.

"ಸರಿಯಾಗೇ ಐತ್ರಿ" ಅಂದೆ. ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. ಅಷ್ಟು ಅಭ್ಯಾಸವಾಗಿತ್ತು ಆ ಸುಳ್ಳು.

ಎರಡು ವಾರದ ಮೇಲೆ ಹೊಸ ಸೀರೆಗಳ ಫೋಟೋಗೆಂದು ಮತ್ತೆ ಹೋದೆ. ಅಂಗಡಿಯ ಹಿತ್ತಲಲ್ಲಿ ಬಣ್ಣದ ಹಂಡೆ ಬೋರಲು ಹಾಕಿತ್ತು, ಒಲೆಯಲ್ಲಿ ತಣ್ಣಗಿನ ಬೂದಿ. ಬಣ್ಣ ಹಾಕುವವರು ಎಲ್ಲಿ ಎಂದು ಕೇಳಿದೆ. ವಯಸ್ಸಾಯಿತು, ಕಣ್ಣು ಮಂದವಾಗಿದೆ, ಬಣ್ಣ ತಪ್ಪಿಸುತ್ತಾರೆ, ಮನೆಯಲ್ಲಿರಿ ಎಂದು ಹೇಳಿದ್ದೇವೆ ಎಂದರು ಯಜಮಾನರು. ಹೇಳುವಾಗ ಅವರಿಗೂ ಬೇಸರವಿತ್ತು. ಮೂವತ್ತು ವರ್ಷದಿಂದ ಜೊತೆಗಿದ್ದ ಮನುಷ್ಯ.

 ಅಲ್ಲೇ ಸೀರೆಗಳ ಪಕ್ಕದಲ್ಲಿ ಕೂತೆ. ಹೇಳದೆ ಎದ್ದುಬರಬಹುದು ಎಂಬ ಯೋಚನೆಯೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇನ್ನೊಂದು ಸುಳ್ಳು ಹೊರುವಷ್ಟು ತ್ರಾಣ ಉಳಿದಿರಲಿಲ್ಲ. ಲಡಿಯಿಂದ ಹಿಡಿದು ಬೇವಿನಮರದವರೆಗೆ ಎಲ್ಲ ಹೇಳಿದೆ. ಯಜಮಾನರು ನಂಬಲಿಲ್ಲ. ಎರಡು ಸೀರೆ ಮುಂದಿಟ್ಟು ಹಸಿರು ಯಾವುದು ತೋರಿಸಿ ಅಂದರು. ತೋರಿಸಿದೆ. ಅದು ಕೆಂಪು ಎಂದು ಅವರು ಎರಡನ್ನೂ ಮಡಚಿಟ್ಟರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, "ನಡೀರಿ, ಅವ್ರ ಮನೀಗೆ ಹೋಗಾನ" ಅಂದರು.

ಹಿರಿಯರು ಜಗಲಿಯ ಮೇಲೆ ಕೂತಿದ್ದರು. ಬೆರಳ ಸಂದಿಯಲ್ಲಿ ಇನ್ನೂ ಬಣ್ಣದ ಕಲೆ ಇತ್ತು. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡು, ಒಳಗಿದ್ದ ಹೆಂಡತಿಗೆ ತೆಲುಗಿನಲ್ಲಿ ಏನೋ ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಗೆ ಕಾಣಲ್ಲ, ಅದು ನಿಮ್ ತಪ್ಪಲ್ಲ. ಕಾಣತೈತೆ ಅಂದ್ರಲ್ಲ, ಅದು ತಪ್ಪು. ಹದಿನೈದು ದಿನ ಈ ಊರಾಗೆ ನಾನು ಕುರ್ಡ ಆಗಿದ್ದೆ."

ತಪ್ಪಾಯಿತು ಎಂದೆ.  ಯಜಮಾನರು ನಾಳೆಯಿಂದ ಬನ್ನಿ ಎಂದು ಕರೆದಾಗ ಮಾತ್ರ ಹಿರಿಯರು ತಲೆಯಾಡಿಸಿದರು. ಆ ದಿನವೇ ನಾನು ಸೀರೆ ಕೊಂಡ ತಾಯಿಗೂ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿದೆ. ನಿಶ್ಚಿತಾರ್ಥ ಮುಗಿದುಹೋಗಿತ್ತು. ಮಗಳು ಆ ಸೀರೆಯನ್ನೇ ಉಟ್ಟಳಂತೆ. ಸಿಟ್ಟು ಇಳಿದಿತ್ತೋ ಇಲ್ಲವೋ, ದನಿಯಲ್ಲಿ ಗೊತ್ತಾಗಲಿಲ್ಲ.

ಮುಂದಿನ ವಾರ ಅಕ್ಕನನ್ನು ಕರೆದುಕೊಂಡು ಹೋದೆ. ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಸ್ ಹತ್ತಿದಳು. ಸೀರೆಗಳನ್ನು ಹಿತ್ತಲ ಬೆಳಕಿಗೆ ತಂದು ಎಲ್ಲ ಫೋಟೋ ಹೊಸದಾಗಿ ತೆಗೆದೆವು. ಅವಳು ನನ್ನ ಲ್ಯಾಪ್‌ಟಾಪ್ ಮುಂದೆ ಕೂತು, ಇನ್ನೂ ಸ್ವಲ್ಪ ಕೆಂಪು, ಸಾಕು, ಅನ್ನುತ್ತಾ ಹೋದಳು. ಹಿರಿಯರು ಮೊದಲು ದೂರವೇ ನಿಂತಿದ್ದರು. ಅಕ್ಕ ಒಂದು ಸೀರೆಗೆ ಬರೀ ಹಳದಿ ಅಂದಾಗ ತಡೆಯಲಾರದೆ ಹತ್ತಿರ ಬಂದು, ಅದು ಹಳದಿಯಲ್ಲ, ನೆನೆಸಿದ ಮೆಂತ್ಯದ ಬಣ್ಣ ಅಂದರು. ಅಲ್ಲಿಂದ ಮುಂದೆ ಹೆಸರೆಲ್ಲ ಅವರೇ ಹೇಳಿದರು. ಹಳೇ ಬೆಲ್ಲ, ಮಾವಿನ ಚಿಗುರು, ಸುಟ್ಟ ಇಟ್ಟಿಗೆ, ಪಾಚಿ. ನಾನು ಬರೆದುಕೊಂಡೆ. ಈಗ ವೆಬ್‌ಸೈಟಿನಲ್ಲಿ ಪ್ರತಿ ಸೀರೆಯ ಕೆಳಗೆ ಆ ಹೆಸರುಗಳಿವೆ.

ಈಗ ಯಾರೇ ಕೆಲಸ ಕೊಡಲು ಬಂದರೂ ಮೊದಲೇ ಹೇಳಿಬಿಡುತ್ತೇನೆ. ಕೆಲವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ಹೋಗಲಿ. ಕತ್ತುನೋವು ಹಾಗೇ ಇದೆ.

ತಿಂಗಳಿಗೊಮ್ಮೆ ಮೊಳಕಾಲ್ಮೂರಿಗೆ ಹೋಗುತ್ತೇನೆ. ಹೋದ ಸಲ ಬಸ್ಸಿಗೆ ಹೊತ್ತಿತ್ತು. ಹಿತ್ತಲಲ್ಲಿ ಕೂತು, ಹಿರಿಯರು ಹಂಡೆಯಲ್ಲಿ ಕೋಲಿನಿಂದ ಲಡಿ ತಿರುವುವುದನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಅವರು ಕೈ ಒರೆಸಿಕೊಂಡು ಬಂದು ನೋಡಿದರು. ಕೋಲು ಹೀಗೆ ಹಿಡಿಯುವುದಿಲ್ಲ ಎಂದು, ಹಂಡೆಯ ಹತ್ತಿರ ಹೋಗಿ ಹಿಡಿದು ತೋರಿಸಿದರು. ಬಲಗೈ ಕೆಳಗೆ, ಎಡಗೈ ಮೇಲೆ. ನಾನು ರಬ್ಬರಿನಿಂದ ಅಳಿಸಿ ಮತ್ತೆ ಬರೆಯತೊಡಗಿದೆ. ಬರೆದು ಮುಗಿಯುವವರೆಗೆ ಅವರು ಕೋಲನ್ನು ಹಾಗೇ ಹಿಡಿದುಕೊಂಡು ನಿಂತರು.