ಸೋಸಿದ ಜೀವ ಎಲ್ಲಿ ಬಿಟ್ಟಿ

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನನ್ನ ಸಂಶೋಧನೆ ಯಾವಾಗ ಮುಗಿಯುತ್ತದೆ ಎಂದು ಹುಕ್ಕೇರಿಯ ನಮ್ಮ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದರು. ಧಾರವಾಡದಲ್ಲಿ ಅದೇನು ಮಾಡುತ್ತೇನೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಕೇಳುವ ಸೌಭಾಗ್ಯ ಕಾಕಾನದಾಯಿತು.

ಕಾಕಾ ಅಪ್ಪನ ತಮ್ಮ. ಮೂಡಲಗಿಯಲ್ಲಿ ನನಗೊಂದು ಗಂಡು ಹುಡುಕಿ, ರಜೆಗೆ ಬಂದಿದ್ದ ನನ್ನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡ. "ಖರೆ ಹೇಳ, ಅಲ್ಲಿ ಏನ್ ಮಾಡ್ತಿ? ಮೂಡಲಗಿಯವ್ರು ಕೇಳಾಕತ್ತಾರ."

"ಆಡಿನ ಕಾಲಿನ ನರ ತೊಳೀತೀನ್ರಿ ಕಾಕಾ," ಅಂದೆ.

ನೀರನ್ನೂ ಸೋಸಿ ಕುಡಿಯುವ ಜೈನರ ಮನೆ ನಮ್ಮದು. ಗೋಡೆಯ ಗಡಿಯಾರವೂ ಕಿವಿಗೊಟ್ಟಂತಿತ್ತು. ನಾನು ಬಿಡಿಸಿ ಹೇಳಿದೆ: ಈ ನರ ಅಂದರೆ ನೋವು ತಿಳಿಸುವ ನರವಲ್ಲ, ಸ್ನಾಯುವನ್ನು ಎಲುಬಿಗೆ ಬಿಗಿಯುವ ಬಿಳಿ ಹುರಿ. ಕಟುಕರ ಅಂಗಡಿಯಲ್ಲಿ ಉಳಿದದ್ದನ್ನು ತಂದು, ಸೋಪಿನಂಥ ದ್ರಾವಣದಲ್ಲಿ ಕುಲುಕಿ ಕುಲುಕಿ, ಅದರೊಳಗಿನ ಜೀವಕೋಶಗಳನ್ನೆಲ್ಲ ತೆಗೆಯಬೇಕು. ಉಳಿಯುವುದು ಬರೀ ನಾರು. ಪರಕೀಯ ಕೋಶಗಳೇ ಇಲ್ಲವಾದ್ದರಿಂದ ಇನ್ನೊಬ್ಬರ ದೇಹ ಅದರೊಡನೆ ಜಗಳ ತೆಗೆಯುವುದು ಕಡಿಮೆ. ಹರಿದ ನರದ ಜಾಗಕ್ಕೆ ಮುಂದೊಂದು ದಿನ ಅದನ್ನು ಹೊಲಿಯಬಹುದು.

"ಜೀವ ತೆಗೆಯೂದು," ಎಂದ ಕಾಕಾ, ಅಷ್ಟನ್ನೇ ಹಿಡಿದುಕೊಂಡು. ಆಮೇಲೆ ಅಹಿಂಸೆಯ ಮೇಲೆ ಭಾಷಣ ಶುರುವಾಯಿತು. ಸಿಟ್ಟು ಏರಿದಾಗ ಅವನಿಗೆ ಕನ್ನಡ ಸಾಲದು, ಮರಾಠಿಗೆ ಹೊರಳುತ್ತಾನೆ. ಅಂದು ಬಹಳ ಹೊತ್ತು ಮರಾಠಿಯಲ್ಲೇ ಇದ್ದ. ಗೋಕಾಕದಲ್ಲಿ ಅವನದು ಕೀಟನಾಶಕದ ಅಂಗಡಿ. ಹುಳ ಒಂದೂ ಉಳಿಯುವುದಿಲ್ಲ ಎಂದು ಬಾಗಿಲ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದ್ದಾನೆ. ಅವನ ಲೆಕ್ಕದಲ್ಲಿ ಅದು ವ್ಯಾಪಾರ, ಇದು ಪಾಪ. ಕೊನೆಗೆ ತೀರ್ಪೂ ಬಂತು. "ಇನ್ನ ಆಕಿ ಧಾರವಾಡಕ್ಕ ಹೋಗೂದು ಬ್ಯಾಡ."

ಮೂಲೆಯಲ್ಲಿದ್ದ ಅಜ್ಜಿ ಆಗ ಬಾಯಿಬಿಟ್ಟಳು. "ತೊಳದ ನೀರು ಎಲ್ಲಿ ಚೆಲ್ಲತಿ?"

"ಮೋರಿಗೆ, ಅಜ್ಜಿ."

"ತಪ್ಪಾತಲ್ಲ. ಸೋಸಿದ ಜೀವ ಎಲ್ಲಿಂದ ಬಂತೋ ಅಲ್ಲೇ ಬಿಡಬೇಕು."

ಬಟ್ಟೆಗೆ ಸಿಕ್ಕ ಸಣ್ಣ ಜೀವಿಗಳು ಸಾಯಬಾರದೆಂದು, ನೀರು ಸೋಸಿದ ಬಟ್ಟೆಯನ್ನು ತಿರುವಿ ಅದೇ ಬಾವಿಗೆ ಜಾಲಾಡಿಸುವುದು ನಮ್ಮಲ್ಲಿ ಪದ್ಧತಿ. ಆದರೆ ಸತ್ತ ಆಡಿನ ಕೋಶಗಳನ್ನು ಯಾವ ಆಡಿಗೆ ಹಿಂತಿರುಗಿಸಲಿ? ಕಾಕಾ ಇದನ್ನು ಗಂಭೀರವಾಗಿ ಚರ್ಚೆಗೆತ್ತಿಕೊಂಡ. ಅಷ್ಟರಲ್ಲಿ ಹೊತ್ತು ಮುಳುಗುವುದರಲ್ಲಿತ್ತು. ಕತ್ತಲಾದ ಮೇಲೆ ಉಂಡರೆ ಹುಳ ಹೊಟ್ಟೆಗೆ ಹೋದಾವೆಂದು ನ್ಯಾಯಾಲಯ ಊಟಕ್ಕೆದ್ದಿತು. ನನ್ನ ಎರಡು ವರ್ಷದ ಕೆಲಸ ರೊಟ್ಟಿ, ಪಲ್ಯದ ಮುಂದೆ ಅಲ್ಲಿಗೇ ನಿಂತಿತು. ನನಗೆ ಅಳು ಬಂದಿತ್ತು.

ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಪ್ಪನೂ ಊಟಕ್ಕೆ ಕುಳಿತ. ನಾನು ಶಾಲೆಗೆ ಹೋಗುತ್ತಿದ್ದಾಗ ಕಬ್ಬು ಕಡಿಯುವ ಕುಡುಗೋಲು ಜಾರಿ ಅವನ ಎಡಗೈಯ ಎರಡು ಬೆರಳಿನ ನರ ಹರಿದಿತ್ತು. ಆ ಬೆರಳುಗಳು ಮತ್ತೆ ಮಡಚಿಕೊಳ್ಳಲಿಲ್ಲ. ನಾನು ಈ ವಿಷಯವನ್ನೇ ಯಾಕೆ ಹಿಡಿದೆ ಎಂದು ಅವನೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಬೆಳಗ್ಗೆ ಎದ್ದರೆ ಅಪ್ಪ ಬಾವಿಕಟ್ಟೆಯ ಮೇಲೆ ನನ್ನ ಬಾಟಲಿಗೆ ನೀರು ಸೋಸುತ್ತಿದ್ದ. ಎರಡು ಬೆರಳು ನೆಟ್ಟಗೆ ನಿಂತು ಬಟ್ಟೆ ಜಾರುತ್ತಿತ್ತು. ನಾನು ಕೈ ಚಾಚಿದೆ, ಕೊಡಲಿಲ್ಲ. ಬಾಟಲಿ ತುಂಬಿಸಿ, ಬಟ್ಟೆಯನ್ನು ಬಾವಿಗೆ ಜಾಲಾಡಿಸಿ, "ಬ್ಯಾಗ್ ತಗೋ," ಎಂದ. ಕಾಕಾ ಪಡಸಾಲೆಯಲ್ಲೇ ಕುಳಿತಿದ್ದ. ಅಣ್ಣನ ಮುಖ ನೋಡಿ, ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಏನೂ ಅನ್ನಲಿಲ್ಲ.

ಯಮಕನಮರಡಿಯ ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಪ್ಪ ರಸ್ತೆಯ ಕಡೆ ನೋಡುತ್ತಲೇ ಕೇಳಿದ. "ನನ್ನ ಬೆರಳಿಗೆ ಬರತೈತೇನು ಅದು?"

ಸುಳ್ಳು ಹೇಳಲಾಗಲಿಲ್ಲ. "ಇಲ್ರಿ ಅಪ್ಪಾ. ಅಷ್ಟು ಲಗೂ ಆಗೂದಿಲ್ಲ."

ಅವನು ತಲೆಯಾಡಿಸಿದ. ಬಸ್ಸು ಬಂತು. ಕಿಟಕಿಯೊಳಗೆ ಬಾಟಲಿ ಕೊಡುತ್ತ, "ಇರ್ಲಿ ಅವ್ವಾ. ಹಂಗಂತ ಕೆಲಸ ನಿಂದ್ರಸಬ್ಯಾಡ," ಎಂದ.